ಆರೂವರೆ ಅಂಕದ ಹಾಳೆ

ಮೇಷ್ಟ್ರಿಗೆ ಕಾಗದ ಅಂದರೆ ಪ್ರಾಣ, ಬಾಯಿಮಾತು ಅಂದರೆ ಬರೀ ಗಾಳಿ. ಇಪ್ಪತ್ತೆರಡು ವರ್ಷ ಸಾಹಿತ್ಯ ಪಾಠ ಮಾಡಿದ ಕೈ ಅದು, ಯಾವ ಹಾಳೆ ಸಿಕ್ಕಿದರೂ ಕೆಂಪು ಪೆನ್ನು ತಾನಾಗಿಯೇ ಎದ್ದು ಬರುತ್ತಿತ್ತು. ಕರೆಂಟು ಹೋಗುತ್ತದೆ ಅನ್ನುವ ನೋಟೀಸಿನಲ್ಲೂ ಆಧುನಿಕ ಮನುಷ್ಯನ ಕತ್ತಲೆಯನ್ನು ಕಂಡು, ಅಂಚಿನಲ್ಲಿ ಅಂಕ ಹಾಕಿದ ಪುಣ್ಯಾತ್ಮರು.

ಇಂಥವರ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಆಗಬೇಕು ಅಂತ ಆಕೆ ಮೂರು ಸಲ ಹೇಳಿದಳು. ಮೂರು ಸಲವೂ ಮೇಷ್ಟ್ರು ಹೂಂಗುಟ್ಟಿದರು. ಕಣ್ಣು ಮಾತ್ರ ಸೋಮವಾರದ ವಿಚಾರ ಸಂಕಿರಣಕ್ಕೆ ಬರೆಯುತ್ತಿದ್ದ 'ಹೊಸ ಕಥೆ: ವಸ್ತು ಮತ್ತು ತಂತ್ರ' ಪ್ರಬಂಧದಿಂದ ಏಳಲಿಲ್ಲ. ಕೊನೆಗೆ ಆಕೆ ಗಂಡನ ಮರ್ಮ ಬಲ್ಲವಳು, ಒಂದು ಹಾಳೆಯಲ್ಲಿ ಬರೆದು ಉತ್ತರಪತ್ರಿಕೆಗಳ ಕಟ್ಟಿನ ಮೇಲಿಟ್ಟಳು.

'ಸೋಮವಾರ ಹನ್ನೊಂದಕ್ಕೆ ಆಪರೇಷನ್. ಎಂಟಕ್ಕೇ ಬನ್ನಿ ಅಂದಿದ್ದಾರೆ. ಮನೆಯವರ ಸಹಿ ಬೇಕಂತೆ. ನನಗೆ ತುಂಬಾ ಭಯ ಆಗ್ತಿದೆ. ನೀವು ಬರ್ತೀರಾ?'

ಓದಿ ಮೇಷ್ಟ್ರ ಎದೆ ಉಬ್ಬಿತು. ಅಂತೂ ಇವಳೂ ಕಥೆ ಬರೆಯತೊಡಗಿದಳಲ್ಲ, ನನ್ನ ಸಹವಾಸ ದಂಡವಾಗಲಿಲ್ಲ ಅಂದುಕೊಂಡರು. 'ಭಾಷೆ ಸರಳ. ಭಯವನ್ನು ಹೇಳಬಾರದು, ತೋರಿಸಬೇಕು. ಪ್ರಶ್ನೆಯಲ್ಲಿ ಮುಗಿಸುವ ತಂತ್ರ ಸವಕಲು' ಅಂತ ಬರೆದು ಹತ್ತಕ್ಕೆ ಆರೂವರೆ ಹಾಕಿದರು. ಅವಳಿಗೆ ಹೇಳದೆ ಸಭೆಯಲ್ಲಿ ಓದಿ ಅಚ್ಚರಿಪಡಿಸೋಣ ಅಂತ ಹಾಳೆಯನ್ನು ಪ್ರಬಂಧದ ಜೊತೆಗೇ ಇಟ್ಟುಕೊಂಡರು.

ಸೋಮವಾರ ಬೆಳಿಗ್ಗೆ ಹೆಂಡತಿ ತನ್ನ ಅಕ್ಕನ ಜೊತೆ ಚೀಲ ಹಿಡಿದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಬೇಗ ಬಂದುಬಿಡು ಅಂತ ಮೇಷ್ಟ್ರು ತಲೆ ಎತ್ತದೆ ಹೇಳಿದರು. ಆಕೆ ಹೋದಳು.

ಹತ್ತು ಗಂಟೆಗೆ ಸಭೆ. ಮೇಷ್ಟ್ರು ಹೆಸರು ಹೇಳದೆ, ಹೊಸ ಲೇಖಕಿಯೊಬ್ಬರದು ಅಂತ ಹಾಳೆಯನ್ನು ಓದಿ, ಅದರ ಮೂಳೆಮೂಳೆಯನ್ನೂ ಬಿಡಿಸಿಟ್ಟರು. ಸೋಮವಾರ ಅಂದರೆ ಮರುಕಳಿಸುವ ಕಾಲ, ಸಹಿ ಅಂದರೆ ಹೆಣ್ಣಿನ ದೇಹದ ಮೇಲೆ ಗಂಡಿನ ಅಧಿಕಾರ. ಬಾರದ ಗಂಡನ ಮೌನವೇ ಇದರ ಕೇಂದ್ರವಸ್ತು ಅಂದಾಗ ಚಪ್ಪಾಳೆಯೋ ಚಪ್ಪಾಳೆ.

ಪ್ರಶ್ನೆಗಳಿದ್ದರೆ ಕೇಳಿ ಅಂದರು. ಹಿಂದಿನ ಸಾಲಿನಿಂದ ಗ್ರಂಥಾಲಯದ ಹಳೇ ಗುಮಾಸ್ತೆ ಎದ್ದು ನಿಂತರು.

"ಸಾರ್, ಸೋಮವಾರ ಅಂದ್ರೆ ಇವತ್ತೇ ಅಲ್ವಾ? ಆಯಮ್ಮನ ಜೊತೆ ಯಾರಿದಾರೆ?"

ಸಭೆ ಗೊಳ್ಳೆಂದು ನಕ್ಕಿತು. ನಗದೇ ಉಳಿದವರು ಮೇಷ್ಟ್ರೊಬ್ಬರೇ. ಹಾಳೆಯನ್ನು ಇನ್ನೊಮ್ಮೆ ನೋಡಿದರು. ಚೀಲ ನೆನಪಾಯಿತು, ಗಡ್ಡೆ ನೆನಪಾಯಿತು, ತಾವೇ ಹೇಳಿದ ಮೂರು ಹೂಂ ನೆನಪಾಯಿತು. ಕನ್ನಡಕವನ್ನು ಮೇಜಿನ ಮೇಲೇ ಬಿಟ್ಟು ಬಿದ್ದಂಬೀಳ ಓಡಿದರು.

ಆಸ್ಪತ್ರೆ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ. ಸಹಿ ಅಕ್ಕನದೇ ಆಗಿಹೋಗಿತ್ತು. ಗಾಲಿಮಂಚದ ಮೇಲೆ ಹಸಿರು ಟೋಪಿ ಹಾಕಿ ಮಲಗಿದ್ದ ಹೆಂಡತಿ, ಗಂಡನ ಕೈಯಲ್ಲಿ ಮುದುಡಿದ್ದ ಹಾಳೆಯನ್ನೂ ಅದರ ಮೇಲಿನ ಕೆಂಪು ಗೀಟುಗಳನ್ನೂ ನೋಡಿದಳು.

"ಎಷ್ಟು ಕೊಟ್ರಿ?" ಅಂದಳು.

ಕ್ಷಮಿಸು ಅನ್ನಬೇಕು ಅಂತಲೇ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು ಪಾಪ. ಹಾಳು ಅಭ್ಯಾಸ, ಬಾಯಿಂದ ಬಿದ್ದದ್ದು ಬೇರೆ.

"ಆರೂವರೆ."

ಆಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಹೊರಗೆ ಎರಡೇ ಕುರ್ಚಿ. ಒಂದರಲ್ಲಿ ಅಕ್ಕ ಕೂತಿದ್ದಳು, ಇನ್ನೊಂದರಲ್ಲಿ ಚೀಲವಿತ್ತು. ಅಕ್ಕ ಚೀಲ ತೆಗೆಯಲಿಲ್ಲ.