ಯಾರ ಮನೆಗೆ ಬಂದ್ರಿ?

ಮದ್ದೂರು ಕಡೆಯ ಕೊಪ್ಪದ ನಮ್ಮ ಬೀದಿಯ ಇಂದ್ರಮ್ಮನ ಬಂಡೂರು ಕುರಿ ಹಾಡಹಗಲೇ ಹೋಯಿತು. ಕಳ್ಳರು ಗೋಡೆ ಹಾರಲಿಲ್ಲ, ಬೀಗ ಒಡೆಯಲಿಲ್ಲ. ಜಗಲಿ ಮೇಲೆ ಕೂತು, ನಮ್ಮ ಕೈಲೇ ಮಜ್ಜಿಗೆ ಈಸಿಕೊಂಡು ಕುಡಿದು, ಕುರಿಯನ್ನು ಗೂಡ್ಸ್ ಆಟೋಗೆ ಹತ್ತಿಸಿಕೊಂಡು ಹೋದರು.

ಇಂದ್ರಮ್ಮ, ಅವಳ ಗಂಡ ಕೆಂಪಯ್ಯ ಕಬ್ಬಿನ ಗದ್ದೇಲಿದ್ದರು. ಮಜ್ಜಿಗೆ ಕೊಟ್ಟವಳು ಎದುರುಮನೆ ಸೋಮಮ್ಮ.

“ಮಳವಳ್ಳಿಯಿಂದ ನಿನ್ನ ಅಣ್ತಮ್ಮಂದ್ರು ಬಂದವ್ರೆ ಅಂದ್ಕಂಡೆ ಕಣಮ್ಮ. ಮನೆಗ್ ಬಂದ ನೆಂಟ್ರನ್ನ ನೀವ್ ಯಾರು ಅಂತ ಕೇಳಕಾಯ್ತದಾ?” ಅಂದಳು.

ನಮ್ಮ ಕಡೆ ಮರ್ಯಾದೆಯೇ ಅದು. ಸುಡಲಿ ಈ ಮರ್ಯಾದೆ!

ಆ ಕುರಿ ಮರಿಯಾಗಿದ್ದಾಗ ಇಂದ್ರಮ್ಮನ ತಾಯಿ ಮಡಿಲಿಗೆ ಹಾಕಿ ಕಳಿಸಿದ್ದು. ಆಮೇಲೆ ತಾಯಿ ತೀರಿಕೊಂಡಳು. ತವರಿನ ನೆನಪು ಅಂತ ಅವಳಿಗೆ ಉಳಿದಿದ್ದು ಅದೊಂದೇ. ಹಿತ್ತಲಲ್ಲಿ ಕವುಚಿದ ಕುಕ್ಕೆಯಡಿ ಇದ್ದ ಅದರ ಮರಿ ಮಾತ್ರ ಕಳ್ಳರ ಕಣ್ಣಿಗೆ ಬಿದ್ದಿರಲಿಲ್ಲ. ಸಂಜೆಯಾದರೆ ಅದು ಬಾಗಿಲಲ್ಲಿ ನಿಂತು ಒದರುತ್ತದೆ. “ನಿಂಗೂ ಅವ್ವ ಇಲ್ಲ, ನಂಗೂ ಅವ್ವ ಇಲ್ಲ ಬುಡು” ಅಂತ ಇಂದ್ರಮ್ಮ ತಬ್ಬಿಕೊಳ್ಳುತ್ತಾಳೆ.

ನಮ್ಮ ಸ್ತ್ರೀಶಕ್ತಿ ಸಂಘದ ನಯನ ದೂರು ಕೊಡಿ ಅಂದಳು.

“ಕುರಿಗೆಲ್ಲ ಕಂಪ್ಲೇಂಟಾ? ನಗ್ತಾರೆ. ಓದ ಕುರಿ ಬತ್ತದಾ?” ಅಂದ ಕೆಂಪಯ್ಯ.

“ಬತ್ತದೋ ಇಲ್ವೋ ಗೊತ್ತಿಲ್ಲ ಮಾವ. ನಾವು ಬಾಯಿ ಮುಚ್ಕಂಡ್ರೆ ಅವ್ರು ಪಕ್ಕದೂರಿಗೆ ಓಯ್ತಾರೆ. ಅಲ್ಲೂ ಯಾರೋ ಮಜ್ಜಿಗೆ ಕೊಡ್ತಾರೆ” ಅಂದಳು ನಯನ.

ಕೆಂಪಯ್ಯ ಗೊಣಗುತ್ತಲೇ ಹೋಗಿ ದೂರು ಕೊಟ್ಟ. ಬೀಟ್ ಪೊಲೀಸಿನವರು ಬೀದಿಗೇ ಬಂದು ಕೂತು ಮಾತಾಡಿದರು. ಹೊಸಬರಿಗೆ ನೀರು ಕೊಡೋದು, ಹಾಗೇ ‘ಯಾರ ಮನೆಗೆ ಬಂದ್ರಿ?’ ಅಂತ ಕೇಳೋದು, ಆ ಮನೆಯವರಿಗೆ ಫೋನ್ ಮಾಡೋದು ಅಂತ ಎಲ್ಲರೂ ಒಪ್ಪಿಕೊಂಡೆವು.

ಹೋದ ತಿಂಗಳು ಮತ್ತೊಂದು ಗೂಡ್ಸ್ ಆಟೋ ಬಂತು. ಸೋಮಮ್ಮ ಚೊಂಬು ಹಿಡಿದು ಹೋಗಿ ಕೇಳಿದಳು. ಬಂದವನು ಇಂದ್ರಮ್ಮನ ಮನೆ ಕಡೆ ಕೈ ತೋರಿಸಿ, “ಈ ಮನೆ ಯಜಮಾನ್ರ ಬಾಮೈದ” ಅಂದ.

ಕೆಂಪಯ್ಯ ಪಕ್ಕದಲ್ಲೇ ನಿಂತಿದ್ದ. “ನಾನ್ ಕಾಣ್ದಿರೋ ಬಾಮೈದ ಯಾವನ್ಲಾ ನೀನು?”

ನೀರನ್ನೂ ಕುಡಿಯದೆ ಆಟೋ ತಿರುಗಿಸಿದರು. ಕೆಂಪಯ್ಯ ಗಾಡಿ ನಂಬರ್ ಕೂಗಿ ಹೇಳಿದ, ನಯನ 112ಕ್ಕೆ ಫೋನ್ ಮಾಡಿದಳು. ಆಟೋ ಮದ್ದೂರು ದಾಟುವ ಮೊದಲೇ ಪೊಲೀಸರು ಹಿಡಿದರು. ಇಂದ್ರಮ್ಮನ ಕುರಿ ಕದ್ದಿದ್ದೂ ಅದೇ ತಂಡದವರಂತೆ.

ಮರಿ ಉಳಿಯಿತು. ಅದರ ಅವ್ವನನ್ನು ಎಂದೋ ಮಾರಿಬಿಟ್ಟಿದ್ದರಂತೆ. ಆದರೂ ಆಟೋ ಸದ್ದಾದರೆ ಇಂದ್ರಮ್ಮ ಈಗಲೂ ಬಾಗಿಲಿಗೆ ಬಂದು ನೋಡುತ್ತಾಳೆ.

ಅಕ್ಕ, ಅಣ್ಣ, ಹೊಸಬರೆಲ್ಲ ಕಳ್ಳರಲ್ಲ. ಯಾರ ಮೇಲೂ ಕೈ ಮಾಡಬೇಡಿ. ಅನುಮಾನ ಬಂದರೆ 112ಕ್ಕೆ ಹೇಳಿ. ನಿಜವಾದ ನೆಂಟರಿಗೆ ಕೇಳಿದ್ದಕ್ಕೆ ಬೇಜಾರಾಗಲ್ಲ. ನೀರು ಕೊಡಿ, ಜೊತೆಗೆ ಒಂದು ಮಾತು ಕೇಳಿ. ಆವತ್ತು ನಮ್ಮ ಬೀದಿ ಆ ಒಂದು ಮಾತು ಕೇಳಿದ್ದರೆ ಇಂದ್ರಮ್ಮನ ತವರು ಇವತ್ತೂ ಅವಳ ಅಂಗಳದಲ್ಲೇ ಇರುತ್ತಿತ್ತು.