ಚೀಲದ ತೂತು, ಮಾವನ ಟೇಪು

೧
ಈ ಕಥೆಯನ್ನು ಪರಿಮಳದಿಂದ ಶುರು ಮಾಡೋಣ ಅಂದುಕೊಂಡಿದ್ದೆ. ಕಾಫಿಯ ಬಗ್ಗೆ ಬರೆಯುವವರೆಲ್ಲ ಹಾಗೇ ಮಾಡುತ್ತಾರೆ, ಅದಕ್ಕೇ ಬೇಡ. ತೂತಿನಿಂದ ಶುರು ಮಾಡೋಣ.

ಸೊಸೆ ಹುರಿದಿಟ್ಟ ಕಾಫಿ ಬೀಜದ ಚೀಲದಲ್ಲಿ ಒಂದು ತೂತಿತ್ತು. ಅದು ಮಾವನ ಕಣ್ಣಿಗೆ ಬಿತ್ತು. ಮಾವ ಪ್ಲಂಬರ್.

(ಕಥೆ ಇಷ್ಟೇ. ಒಲೆಯ ಮೇಲೆ ಹಾಲಿಟ್ಟು ಬಂದವರು ಏಳಬಹುದು.)

೨
ಏಳಲಿಲ್ಲವೇ? ಸರಿ, ಹಾಗಾದರೆ ಪೂರ್ತಿ ಕೇಳಿ.

ಸೊಸೆ ವಾರವಿಡೀ ಬಸ್ ಓಡಿಸುತ್ತಾಳೆ. ರಜೆಯ ದಿನ ಬಾಲ್ಕನಿಯಲ್ಲಿ ದಪ್ಪ ತಳದ ಬಾಣಲೆ ಇಟ್ಟು ಹಸಿ ಬೀಜ ಹುರಿಯುತ್ತಾಳೆ. ಇಂಜಿನ್ನಿನ ಸದ್ದು ಕೇಳಿಯೇ ಗೇರು ಬದಲಿಸುವ ಕಿವಿ ಅವಳದು. ಬೀಜ ಚಟಪಟ ಅಂದ ಬಗೆಯಲ್ಲೇ ಉರಿ ತಗ್ಗಿಸಬೇಕೋ ಇಳಿಸಿಬಿಡಬೇಕೋ ಗೊತ್ತಾಗುತ್ತದೆ. ಹುರಿದ ಬೀಜ ಕೆಲವು ದಿನ ಗಾಳಿ ಬಿಡುತ್ತಲೇ ಇರುತ್ತದೆ. ಅದಕ್ಕೆಂದೇ ಚೀಲದ ಎದೆಯ ಮೇಲೆ ಅಂಗಿಗುಂಡಿಯಂಥ ಬಿಲ್ಲೆ, ಬಿಲ್ಲೆಯಲ್ಲಿ ಸೂಜಿಮೊನೆಯಷ್ಟು ತೂತು.

ಭಾನುವಾರ ಬೀದಿ ಮೂಲೆಯ ಕಾಫಿ ಅಂಗಡಿಯಾತ ರುಚಿ ನೋಡಲು ಮನೆಗೇ ಬರುವವನಿದ್ದ. ಒಪ್ಪಿದರೆ, ಅವಳು ಹುರಿದ ಬೀಜ ಅವನ ಶೆಲ್ಫಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಎತ್ತರದಲ್ಲಿ.

ಮಾವ ಆ ತೂತಿನ ಮೇಲೆ ಟೇಪು ಬಿಗಿದರು.

೩
ಮೊದಲ ಡ್ರಾಫ್ಟಿನಲ್ಲಿ ಮಾವನನ್ನು ಪೆದ್ದರನ್ನಾಗಿ ಮಾಡಿದ್ದೆ. ಅವರು ಅದನ್ನು ಓದಿದ್ದೇ ತಡ, ನನ್ನ ಮೈಮೇಲೇ ಏರಿಬಂದರು.

"ಏನ್ರೀ ಇದು? ಈ ಬಿಲ್ಡಿಂಗಲ್ಲಿ ಒಂದು ನಲ್ಲಿ ತೊಟ್ಟಿಕ್ಕುತ್ತಾ ಕೇಳಿ ನೋಡಿ! ಎಲ್ಲಾ ನನ್ನ ಕೈ ಕೆಲಸ."

"ಮತ್ತೆ ಟೇಪ್ ಯಾಕೆ ಹಾಕಿದ್ರಿ, ಮಾವ?"

"ನಿಮಗ್ಯಾವಾಗ್ರೀ ನಾನು ಮಾವ ಆಗಿದ್ದು? ಮಗು ಕಷ್ಟಪಟ್ಟು ಹುರಿದಿದ್ದು ಹಾಳಾಗ್ಬಾರ್ದು ಅಂತ ಹಾಕ್ದೆ. ಅದನ್ನ ಬರೀರಿ."

(ಬರೆದೆ. ಪಾತ್ರಗಳ ಹತ್ತಿರ ಬೈಸಿಕೊಳ್ಳುವುದು ನನಗೇನೂ ಹೊಸದಲ್ಲ, ಮನೆಯಲ್ಲಿ ಮಕ್ಕಳಿದ್ದಾರೆ.)

೪
ಭಾನುವಾರ ಬೆಳಿಗ್ಗೆ ಚೀಲ ದಿಂಬಿನ ಹಾಗೆ ಉಬ್ಬಿ ಕೂತಿತ್ತು.

"ಮಾವಾ! ಇದಕ್ಕೆ ಟೇಪ್ ಹಾಕಿದ್ಯಾರು?"

"ಸೋರ್ತಿತ್ತಮ್ಮ."

"ಸೋರ್ಬೇಕು ಮಾವ! ಒಳಗಿಂದು ಹೊರಗೆ ಹೋಗ್ಬೇಕು, ಹೊರಗಿಂದು ಒಳಗೆ ಬರ್ಬಾರ್ದು."

ಮಾವ ಕನ್ನಡಕ ಏರಿಸಿಕೊಂಡು ಟೇಪು ಕಿತ್ತರು. ಚೀಲ ಪುಸ್ಸೆಂದಿತು. ಅಡುಗೆಮನೆಯೆಲ್ಲ ಘಮ್. (ನೋಡಿದಿರಾ, ಬೇಡವೆಂದರೂ ಪರಿಮಳ ನುಸುಳಿಯೇಬಿಟ್ಟಿತು.)

"ಅಯ್ಯೋ ಶಿವನೇ! ಇದು ನಮ್ಮ ನಾನ್-ರಿಟರ್ನ್ ವಾಲ್ವ್! ಹತ್ತಿದ ನೀರು ವಾಪಸ್ ಬರದ ಹಾಗೆ ಮೋಟರ್ ಪೈಪಿಗೆ ಹಾಕೋದು. ಜೀವಮಾನವೆಲ್ಲ ಇದನ್ನೇ ಕೂರಿಸ್ದೆ, ಎದುರಿಗೇ ಬಂದಾಗ ಗುರ್ತು ಹಿಡೀಲಿಲ್ವಲ್ಲಮ್ಮ."

"ವೇಷ ಬೇರೆ ಹಾಕ್ಕೊಂಡಿತ್ತು ಮಾವ, ನಿಮ್ದೇನು ತಪ್ಪು?"

ಮಾವ ನಗಲಿಲ್ಲ. ಬಾಗಿಲ ಗಂಟೆ ಮೊಳಗಿತು.

೫
ಅಂತ್ಯ, ಒಂದನೆಯದು: ಅಂಗಡಿಯಾತ ಗುಟುಕರಿಸಿ, "ನಾಳೆಯಿಂದಲೇ ಕಳ್ಸಿ" ಅಂದ.

ಸೊಸೆ ನನ್ನ ಪೆನ್ನು ಕಸಿದಳು. "ಅವರು ಹೂಂ ಅಂದ್ರೇನೇ ನನ್ನ ಕಾಫಿ ಚೆನ್ನಾಗಿರೋದಾ? ಹೊಡೀರಿ ಕಾಟು."

ಅಂತ್ಯ, ಇನ್ನೊಂದು: ಅವನು ಮುಖ ಹುಳ್ಳಗೆ ಮಾಡಿಕೊಂಡು ಎದ್ದುಹೋದ.

"ಕೊನೆಗೆ ಎಲ್ಲಾ ನನ್ನ ತಲೆಗೇ ಕಟ್ಟೋಕೆ ತಾನೆ?" ಎಂದರು ಮಾವ. ಅದಕ್ಕೂ ಕಾಟು.

೬
ಉಳಿದದ್ದು ಇಷ್ಟು. ಸೊಸೆ ಬೀಜ ಪುಡಿಮಾಡಿ, ಸೋಸುವ ಕಾಗದದಲ್ಲಿ ಹಾಕಿ, ಬಿಸಿನೀರು ಹನಿಸಿದಳು. ಒಳಗೇ ಉಳಿದಿದ್ದ ಗಾಳಿಗೆ ಪುಡಿ ಬುಸುಬುಸು ಉಬ್ಬಿ, ಅಂಚು ದಾಟಿ ಮೇಜಿಗೆ ಚೆಲ್ಲಿತು. ಅಂಗಡಿಯಾತ ಹುಬ್ಬೇರಿಸಿದ.

"ಗಾಳಿ ಹೋಗೇ ಇಲ್ಲ. ಚೀಲದ ವಾಲ್ವ್ ಸರಿಯಿಲ್ವಾ?"

ಮಾವ ಬಾಗಿಲ ಮರೆಗೆ ಸರಿದರು. ಅವರತ್ತ ಬೆರಳು ತೋರಿಸಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ಅವಳು ಮೇಜು ಒರೆಸಿದಳು.

"ವಾಲ್ವ್ ಸರಿಯಾಗೇ ಇದೆ ಸರ್. ನಮ್ಮ ಮಾವನೇ ನೋಡಿದ್ದು. ಅವರ ಕೈ ಬಿದ್ದ ಮೇಲೆ ಸೋರಿದ್ದು ಇಲ್ಲಿವರೆಗೂ ಒಂದೂ ಇಲ್ಲ."

ಮತ್ತೆ, ತಾಳ್ಮೆಯಿಂದ, ಸಣ್ಣ ಧಾರೆಯಲ್ಲಿ ನೀರು ಬಿಟ್ಟಳು. ಇಳಿದ ಮೊದಲ ಕಪ್ಪನ್ನು ಮಾವನ ಕೈಗಿಟ್ಟಳು, ಎರಡನೆಯದನ್ನು ಅಂಗಡಿಯಾತನಿಗೆ. ಮಾವ ಕುಡಿದರು. ಎದೆ ಸೆಟೆಸಿ ಸೊಸೆಯ ಪಕ್ಕ ಬಂದು ನಿಂತರು. ಅಂಗಡಿಯಾತ ಕಪ್ಪನ್ನು ತುಟಿಗೆ ತಂದ.

ಅವನು ಏನಂದ ಅಂತ ಬರೆದು ಕಥೆಯನ್ನು ಮುಚ್ಚಿಬಿಡೋಣ ಎಂದು ಪೆನ್ನೆತ್ತಿದೆ.

"ಏನ್ರೀ," ಎಂದರು ಮಾವ, "ಟೇಪ್ ಹಾಕ್ತಿದ್ದೀರಾ?"