ಇಲಿ ಬಿದ್ದ ಮನೆ

ಪ್ಲೇಗಿನ ಕಾಲದಲ್ಲಿ ಬಾಗಲಕೋಟೆಯ ಜನ ಒಂದು ಕಟ್ಟಳೆಗೆ ತುಂಬ ಹೆದರುತ್ತಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಬೀಗ ಹಾಕಿ ಊರಾಚೆ ಜೋಪಡಿಗೆ ಹೋಗಬೇಕು. ಜೋಪಡಿಯವರನ್ನು ಊರೊಳಗೆ ಯಾರೂ ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ. ಅರಿವೆ ವ್ಯಾಪಾರಿ ಅಂದಪ್ಪನ ಅಡುಗೆಮನೆಯಲ್ಲಿ ಇಲಿ ಬಿದ್ದದ್ದು, ಅವನು ನಿಂತಿದ್ದ ಮುನಸಿಪಾಲಿಟಿ ಚುನಾವಣೆಗೆ ಇನ್ನು ವಾರವಿದೆ ಎನ್ನುವಾಗ.

"ಬನಶಂಕರೀನ ಕರ್ಕೊಂಡು ಇವತ್ತ ಹೋಗೂಣ್ರಿ," ಎಂದಳು ಹೆಂಡತಿ ಸತ್ಯವ್ವ. ಬನಶಂಕರಿ ಅವರ ಒಬ್ಬಳೇ ಮಗಳು, ಐದು ವರ್ಷದ ಕೂಸು.

"ಜೋಪಡಿಗಿ ಹೋದ್ರ ನನ್ನ ಯಾರ ಒಳಗ ಬಿಟ್ಟಾರು? ಓಟು ಹೆಂಗ ಕೇಳ್ಲಿ? ಒಂದು ವಾರ ಸುಮ್ನಿರು," ಎಂದು ಅಂದಪ್ಪ ಇಲಿಯನ್ನು ಹಿತ್ತಲ ತಿಪ್ಪೆಯಲ್ಲಿ ಹೂತು ಬಂದ. ಮೆಂಬರಗಿರಿಯ ಹುಚ್ಚು ಹತ್ತಿದವನಿಗೆ ಬುದ್ಧಿ ಹೇಳುವವರು ಯಾರು? ಉಡಿಯಲ್ಲಿ ಕೆಂಡ ಕಟ್ಟಿಕೊಂಡಂತೆ ಸತ್ಯವ್ವ ಬಾಯಿ ಮುಚ್ಚಿಕೊಂಡಿದ್ದಳು. ಗಂಡ ಕಾಲಿಗೆ ಚಕ್ರ ಕಟ್ಟಿಕೊಂಡು ಓಣಿ ಓಣಿ ತಿರುಗಿದ.

ಒಂದು ಸಂಜೆ ಉಬ್ಬಿಕೊಂಡು ಬಂದ. "ವಕೀಲರು ಒಂದು ಇಂಗ್ಲಿಷ್ ಮಾತು ಹೇಳಿದ್ರು. ಆಂಬಿಷನ್ ಅಂತ. ದೊಡ್ಡ ಪದವಿಗಿ ಆಸೆಪಡೂದಕ್ಕ ಹಂಗಂತಾರ. ಹಿಂದಕ ರೋಮ್ ಅನ್ನೂ ಪಟ್ಟಣದಾಗ ಅಧಿಕಾರ ಬೇಕಾದವರು ಬಿಳಿ ಅರಿವಿ ಉಟ್ಟು, ಕಂಡವರ ಕೈ ಹಿಡಕೋತ ಊರು ಸುತ್ತತಿದ್ರಂತ. ಆ ಸುತ್ತೂದರಿಂದನ ಈ ಮಾತು ಹುಟ್ಟೇತಂತ. ನಾ ಮಾಡೂದೂ ಅದನ್ನ ನೋಡು."

ಸತ್ಯವ್ವ ಮಗಳ ಹಣೆ ಮುಟ್ಟಿ ನೋಡುತ್ತಿದ್ದಳು. ಸುಡುತ್ತಿತ್ತು. "ಅವರು ಊರು ಸುತ್ತೂಮುಂದ ಮನ್ಯಾಗಿನ ಹೆಣ್ಮಕ್ಕಳು ಏನ ಮಾಡತಿದ್ರಂತ?"

"ಅದನ್ನ ವಕೀಲರು ಹೇಳ್ಲಿಲ್ಲ," ಎಂದು ಅಂದಪ್ಪ ನಕ್ಕ. ಕೂಸಿಗೆ ಜ್ವರ ಎಂದಾಗ ನಗು ನಿಂತಿತು. "ಬಿಸಲಿಗಿ ಬಂದಿರ್ತೈತಿ. ಡಾಕ್ಟರನ್ನ ಕರದ್ರ ಊರಿಗೆಲ್ಲಾ ಗೊತ್ತಾಗ್ತೈತಿ. ಇನ್ನೆರಡು ದಿನ ತಡಿ."

ಓಟಿನ ದಿನ ಬೆಳಿಗ್ಗೆ ಕೂಸಿನ ಬಗಲಲ್ಲಿ ಗಂಟು ಎದ್ದಿತ್ತು. ಅಂದಪ್ಪ ನೋಡಿದ, ಕಣ್ಣೊರೆಸಿಕೊಂಡ, ರುಮಾಲು ಸುತ್ತಿಕೊಂಡು ಹೋದ. ಮಧ್ಯಾಹ್ನ ಬನಶಂಕರಿ ತಾಯಿಯ ತೊಡೆಯ ಮೇಲೆ ಜೀವ ಬಿಟ್ಟಳು. ಸತ್ಯವ್ವ ಗಂಡನ ಮಾತಿಗೆ ಕಟ್ಟುಬಿದ್ದು ದನಿ ತೆಗೆದು ಅಳಲಿಲ್ಲ.

ಸಂಜೆ ಹಲಗೆ ಬಾರಿಸುತ್ತ ಮೆರವಣಿಗೆ ಬಂತು. ಅಂದಪ್ಪ ಗೆದ್ದಿದ್ದ. ಒಳಗೆ ಬಂದು ಮಗಳನ್ನು ಕಂಡವನೇ ರುಮಾಲು ಬಾಯಿಗೊತ್ತಿಕೊಂಡು ಅತ್ತ.

"ಮಗಳನ್ನ ಹೊರಗ ಕರೀರಿ ಸಾವುಕಾರ್ರ, ಅಕಿಗೂ ಒಂದು ಹಾರ ಹಾಕೂಣು," ಎಂದು ಅಂಗಳದಿಂದ ಯಾರೋ ಕೂಗಿದರು.

ಅಂದಪ್ಪ ಮುಖ ಒರೆಸಿಕೊಂಡು ಹೊರಗೆ ಹೋದ. "ಮಲಗ್ಯಾಳ," ಎಂದ.

ಅಷ್ಟು ಕೇಳಿದ್ದೇ ಸತ್ಯವ್ವ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. "ಮಲಗಿಲ್ರಿ. ಪ್ಲೇಗಿಗಿ ಸತ್ತಾಳ. ನಿಮ್ಮ ಮಕ್ಕಳನ್ನ ಕರ್ಕೊಂಡು ಊರು ಬಿಡ್ರಿ."

ಹಲಗೆ ನಿಂತಿತು. ಜನ ದಿಕ್ಕಾಪಾಲಾಗಿ ಓಡಿದರು. ಖಾಲಿ ಅಂಗಳದಲ್ಲಿ ಅಂದಪ್ಪ ಮಗಳಿಗಾಗಿ ಎರಡೂ ಕೈ ಚಾಚಿದ. ಸತ್ಯವ್ವ ಕೊಡಲಿಲ್ಲ.